ಗ್ರಾಫಿನ ಉಬ್ಬು

ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವ ಯಂತ್ರ ಇರುವುದು ಜಿನೀವಾದ ನೆಲದಡಿಯಲ್ಲಿ. ಅದರ ಲೆಕ್ಕ ನೋಡುತ್ತ ನಾನು ಕೂತಿದ್ದು ಯಲಬುರ್ಗಾದಲ್ಲಿ, ನಮ್ಮವ್ವ ದುರುಗವ್ವನ ಅಡುಗೆಮನೆಯ ಪಕ್ಕದ ಖೋಲಿಯಲ್ಲಿ. ಡಿಕ್ಕಿಯಲ್ಲಿ ಸಿಡಿದ ಚೂರುಗಳ ನಡುವೆ ಯಾರೂ ಕಂಡಿರದ ಕಣವೊಂದರ ಗುರುತು ಹುಡುಕುವುದು ನನ್ನ ಕೆಲಸ. ಪಿಎಚ್‌ಡಿ ಮುಗಿಯಿತು, ಕೂದಲು ಬೆಳ್ಳಗಾಗತೊಡಗಿತು, ಕಣ ಮಾತ್ರ ಸಿಗಲಿಲ್ಲ. ಹೊಸದೇನೂ ಕಾಣಲಿಲ್ಲ ಎಂದು ವರ್ಷವರ್ಷ ಬರೆದು ಸಾಕಾಗಿಹೋಗಿತ್ತು.

ಹೋದ ತಿಂಗಳು ಗ್ರಾಫಿನ ಒಂದು ಕಡೆ ಉಬ್ಬು ಕಂಡಿತು. ಬರಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿ ಡಿಕ್ಕಿಗಳು ಅಲ್ಲಿ ಬಿದ್ದಿದ್ದವು. ಅದು ಆ ಕಣದ ಗುರುತಿರಬಹುದು, ಬರೀ ಆಕಸ್ಮಿಕವೂ ಇರಬಹುದು. ಹೊಸ ದತ್ತಾಂಶ ಸೇರಿಸಿದ ಮೇಲೂ ಉಳಿದರೆ ನನ್ನ ಇಷ್ಟು ವರ್ಷ ಸಾರ್ಥಕ. ಇಲ್ಲದಿದ್ದರೆ ಮತ್ತೆ ಅದೇ ಬರವಣಿಗೆ. ಇಂಥದ್ದನ್ನು ಬೇಗ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳೇ ತಡೆಯಲಾರದೆ ಅವ್ವನಿಗೆ ಫೋನು ಮಾಡಿಬಿಟ್ಟೆ. ಆಮೇಲೆ ರಜೆ ಹಾಕಿ ಊರಿಗೇ ಬಂದೆ.

ಬಂದಾಗಿನಿಂದ ಅವ್ವನ ರೀತಿಯೇ ಬೇರೆ. ಬೈಗುಳವಿಲ್ಲ, ಮದುವೆಯ ಮಾತಿಲ್ಲ, ಕೇಳದೆಯೇ ತಲೆಗೆ ಎಣ್ಣೆ. ಚಿಕ್ಕವ್ವ ಶಂಕ್ರಮ್ಮ ಬಂದು, "ಲಲಿತಾ, ನಿನ್ನ ಕೆಲಸ ಎಲ್ಲಿಗೆ ಬಂತವ್ವಾ?" ಎಂದು ಕೇಳಿದಾಗ ಅವ್ವ ಅವಳತ್ತ ದೊಡ್ಡ ಕಣ್ಣು ಬಿಟ್ಟಳು.

"ಅದರ ಸುದ್ದಿ ತಗೀಬ್ಯಾಡ, ಸುಮ್ನಿರು."

ದೃಷ್ಟಿಯಾದೀತೆಂಬ ಹೆದರಿಕೆ ಇರಬೇಕು ಎಂದುಕೊಂಡು ಒಳಗೊಳಗೇ ನಕ್ಕೆ. ಆ ದಿನಗಳಲ್ಲಿ ಭಾರೀ ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ.

ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಮೀಟಿಂಗು. ಹೊಸ ದತ್ತಾಂಶ ಸೇರಿದ ಗ್ರಾಫು ತೆರೆಯಿತು. ಉಬ್ಬು ಇರಲಿಲ್ಲ. ಗೆರೆ ಎಲ್ಲಿರಬೇಕೋ ಅಲ್ಲೇ ಮಲಗಿತ್ತು. ಯಾರೋ ನನಗೆ ಧನ್ಯವಾದ ಹೇಳಿ ಮುಂದಿನ ವಿಷಯಕ್ಕೆ ಹೋದರು. ಸಿಟ್ಟು ಬರಬೇಕಿತ್ತು, ಸಿಟ್ಟಾಗುವುದಕ್ಕೂ ತ್ರಾಣವಿರಲಿಲ್ಲ.

ಎದ್ದು ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಅದು ಹೋತು ಬೇ. ಅಲ್ಲೇನೂ ಇಲ್ಲಂತ."

"ಗೊತ್ತೈತಿ ಬಿಡವ್ವಾ. ನೀನ ಹೇಳಿದ್ದಿಯಲ್ಲ, ಫೋನಿನ್ಯಾಗ."

"ನಾ ಏನ್ ಹೇಳಿದ್ದೆ?"

"ಒಂದ್ ಕಡಿ ಹೆಚ್ಚಾಗೈತಿ ಬೇ ಅಂದಿ. ಅಳಾಕ ಹತ್ತಿದ್ದಿ."

ಗೋಡೆಗೆ ಒರಗಿದೆ. ನಮ್ಮಲ್ಲಿ ಡಬ್ಬಿಯ ಅಕ್ಕಿ ತೀರಿದರೆ ಇಲ್ಲ ಎನ್ನಬಾರದು, ಹೆಚ್ಚಾಗೈತಿ ಎನ್ನಬೇಕು. ಕೈಯ ಬಳೆ ಒಡೆದರೂ ಹೆಚ್ಚಾದವು ಎನ್ನುತ್ತಾರೆ. ಹಾಗೆ ಮಾತಾಡಿಯೇ ಬೆಳೆದವಳು ನಾನು, ಗ್ರಾಫು ನೋಡಿ ಅದನ್ನೇ ಮರೆತಿದ್ದೆ. ಖುಷಿಗೆ ಅತ್ತಿದ್ದೆ ನಾನು. ಅವ್ವ ಮಾತ್ರ ಆವತ್ತೇ ನನ್ನ ದುಡಿಮೆಯೆಲ್ಲ ಮಣ್ಣುಪಾಲಾಯಿತೆಂದು ತಿಳಿದು, ಯಾರಿಗೂ ಹೇಳದೆ ಒಬ್ಬಳೇ ಸಂಕಟಪಟ್ಟಿದ್ದಳು. ತಿದ್ದಿ ಹೇಳಲು ಬಾಯಿ ತೆರೆದೆ. ತಿದ್ದುವುದಕ್ಕೆ ಈಗ ಏನೂ ಉಳಿದಿರಲಿಲ್ಲ.

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ನಂದು ಅತ್ತು ಮುಗದೈತಿ," ಎಂದಳು. "ಈಗ ನೀ ಅಳು. ನಾ ಇಲ್ಲೇ ಅದೀನಿ."