ಮೂರು ಸ್ಟಾರಿನ ಹುಡುಗಿ

ಬಂದುಹೋದ ಅತಿಥಿಗಳಿಗೆ ಮನೆಯವರೂ ಸ್ಟಾರು ಕೊಡಬಹುದು ಅನ್ನೋ ನಿಯಮ ಅನ್ನಪೂರ್ಣಮ್ಮನಿಗೆ ಬಹಳ ಹಿಡಿಸಿತ್ತು.

ಸಿದ್ದಾಪುರದ ಹತ್ತಿರ, ಬ್ರಹ್ಮಗಿರಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಮಹಡಿಯ ಎರಡು ಕೋಣೆಗಳನ್ನು ಆ್ಯಪಿನಲ್ಲಿ ಬಾಡಿಗೆಗೆ ಬಿಟ್ಟಿದ್ದರು. ಬಂಡೆಗಲ್ಲಿನ ಶಾಸನ ನೋಡಲು ಬಂದವರು, ಮೊಳಕಾಲ್ಮುರಿನ ನೇಕಾರರ ಮನೆಗೇ ಹೋಗಿ ಸೀರೆ ಕೊಳ್ಳಲು ಬಂದವರು ಅಲ್ಲಿ ಉಳಿಯುತ್ತಿದ್ದರು. ಬಿಸಿನೀರು ತಡವಾಯಿತು ಅಂತ ಒಬ್ಬ ನಾಲ್ಕು ಸ್ಟಾರು ಕೊಟ್ಟ. ಬೆಳಗಾಗುವ ಮೊದಲೇ ನವಿಲು ಕೂಗಿ ಎಬ್ಬಿಸಿತು ಅಂತ ಇನ್ನೊಬ್ಬ ಎರಡು ಕೊಟ್ಟ.

"ನವಿಲನ್ನೇನು ನಾವು ಸಾಕಿದೀವಾ?" ಎಂದು ಗಂಡ ಓಂಕಾರಮೂರ್ತಿ ಸಿಡಿಮಿಡಿಗೊಂಡರು. ಅನ್ನಪೂರ್ಣಮ್ಮ ಮಾತ್ರ ತಣ್ಣಗೆ ಉತ್ತರ ಬರೆದರು: "ನವಿಲಿಗೆ ಹೇಳಿದ್ದೇವೆ. ಇನ್ನೊಮ್ಮೆ ಬನ್ನಿ." ಆ ಉತ್ತರ ಓದಿ ನಕ್ಕೇ ಕೆಲವರು ಬಂದರು.

ಅದರಿಂದ ಅವರೊಂದು ಪಾಠ ಕಲಿತರು. ಐದು ಸ್ಟಾರಿನ ಹೊಗಳಿಕೆಯನ್ನು ಯಾರೂ ಓದುವುದಿಲ್ಲ. ಸ್ಟಾರು ಕಮ್ಮಿಯಾದರೆ ಏನಾಯಿತಪ್ಪ ಅಂತ ಬೆರಳು ನಿಲ್ಲಿಸಿ ಓದುತ್ತಾರೆ.

ಆ ಪಾಠವನ್ನೇ ಅವರು ಶಿವರಂಜನಿಯ ಮೇಲೆ ಪ್ರಯೋಗಿಸಿದ್ದು.

ಶಿವರಂಜನಿ ಸಂಡೂರಿನಲ್ಲಿ ಸಣ್ಣ ಸೀರೆ ಅಂಗಡಿ ಇಟ್ಟಿದ್ದ ಹುಡುಗಿ. ರೇಷ್ಮೆ ಸೀರೆ ಆರಿಸಲು ಬಂದು ಎರಡು ದಿನ ಇದ್ದಳು. ಮುದ್ದೆ ಅರ್ಧಕ್ಕೆ ಬಿಟ್ಟಳು. ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಇಟ್ಟಳು. ಫೋನು ಬಂದರೆ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು; ಹೊರಗೆ ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು. ಏನು ತಾಯಿ ಅಂತ ಕೇಳಲು ಅನ್ನಪೂರ್ಣಮ್ಮನ ಬಾಯಿ ಚಡಪಡಿಸಿತು. ಆದರೆ ಅತಿಥಿಗಳ ಸ್ವಂತ ವಿಷಯ ಕೆದಕಬಾರದು ಎಂದು ಆ್ಯಪಿನವರು ಹೇಳಿದ್ದರಿಂದ ಸುಮ್ಮನಿದ್ದರು.

ಹುಡುಗಿ ಹೋದ ಮೇಲೆ ಮೂರು ಸ್ಟಾರು ಒತ್ತಿ ಬರೆದರು: "ಒಳ್ಳೆಯ ಹುಡುಗಿ. ಒಬ್ಬಳೇ ಬಂದಿದ್ದಳು. ಸರಿಯಾಗಿ ಉಣ್ಣುವುದಿಲ್ಲ. ಬಾಗಿಲು ಹಾಕಿಕೊಂಡು ಅಳುತ್ತಾಳೆ. ಮುಂದಿನ ಮನೆಯವರು ನೋಡಿಕೊಳ್ಳಬೇಕು."

"ಮೂರೇ ಏನೇ? ಅವಳು ನಮಗೆ ಐದು ಕೊಟ್ಟವಳೆ," ಎಂದರು ಓಂಕಾರಮೂರ್ತಿ.

"ಐದು ಕೊಟ್ರೆ ಯಾರು ಓದ್ತಾರೆ? ಮಗೂನ ಬಸ್ಸು ಹತ್ತಿಸಿ ಕಂಡಕ್ಟರಿಗೆ ಒಂದು ಮಾತು ಹೇಳಲ್ವಾ, ಹಂಗೆ ಇದು."

ಒಂದು ತಿಂಗಳಾಗಿರಬೇಕು. ಅನ್ನಪೂರ್ಣಮ್ಮ ಶೇಂಗಾ ಹುರಿಯುತ್ತಿದ್ದಾಗ ಫೋನು ಬಂತು.

"ಆಂಟಿ, ನಾನು ನಿಮಗೇನು ಮಾಡಿದ್ದೆ?"

ಶಿವರಂಜನಿಯ ದನಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ತಾಯಿಗೆ ಬಳ್ಳಾರಿಯಲ್ಲಿ ಆಪರೇಷನ್ ಆಗಿತ್ತು. ನಾಳೆ ಮಧ್ಯಾಹ್ನ ಆಸ್ಪತ್ರೆಯಿಂದ ಬಿಡುತ್ತಾರೆ. ಆದರೆ ಮುಂದೆ ಒಂದು ತಿಂಗಳು ದಿನಾ ಚಿಕಿತ್ಸೆಗೆ ಬರಬೇಕು. ಸಂಡೂರಿನ ರಸ್ತೆಯಲ್ಲಿ ಆ ದೇಹವನ್ನು ದಿನಾ ಕುಲುಕಿಸಿಕೊಂಡು ತರುವಂತಿಲ್ಲ. ಲಾಡ್ಜಿನಲ್ಲಿ ಗಂಜಿ ಕಾಯಿಸಲು ಒಲೆ ಇಲ್ಲ. ಆ್ಯಪಿನಲ್ಲಿ ಕೇಳಿದ ಮನೆಯವರೆಲ್ಲ ಆಗಲ್ಲ ಅಂದಿದ್ದರು. ಆಸ್ಪತ್ರೆ ಹಿಂದಿನ ಬೀದಿಯ ಜಯಕ್ಕ ಎಂಬುವರು ಮಾತ್ರ ಬಾಯಿಬಿಟ್ಟು ಕಾರಣ ಹೇಳಿದ್ದರು: ನಿನ್ನ ಬಗ್ಗೆ ಬರೆದಿರೋದನ್ನ ಓದಿದೆ, ಕ್ಷಮಿಸಮ್ಮ.

"ನಿಮ್ಮನೆ ನಮ್ಮವ್ವನ ಮನೆ ಥರ ಐತೆ ಅಂತ ಬರೆದಿದ್ದೆ ನಾನು," ಎಂದು ಹುಡುಗಿ ಫೋನಿಟ್ಟಳು.

ಬಾಣಲಿಯಲ್ಲಿ ಶೇಂಗಾ ಕಪ್ಪಾಗಿತ್ತು. ಓಂಕಾರಮೂರ್ತಿ ಆ್ಯಪಿನವರಿಗೆ ಫೋನು ಹಚ್ಚಿ ಕೇಳಿದರು. ಬರೆದದ್ದನ್ನು ಈಗ ತೆಗೆಯಲು ಬರುವುದಿಲ್ಲವಂತೆ.

"ಇನ್ನೇನು, ನಿಂದೂ ಒಂದು ಶಾಸನ ಆತು," ಎಂದರು. ಹೆಂಡತಿ ನಗಲಿಲ್ಲ. ಓಂಕಾರಮೂರ್ತಿ ದನಿ ತಗ್ಗಿಸಿ ಕೇಳಿದರು, "ಏನ್ ಮಾಡಾಣ ಈಗ?"

"ಅಳಿಸಾಕೆ ಬರದಿದ್ರೆ, ಓದಿದೋರ ಮುಂದೆ ಹೋಗಿ ನಿಲ್ಲಬೇಕು. ಸಂಬಂಧ ಮಾತಾಡುವಾಗ ಯಾರೋ ಏನೋ ಅಂದ್ರೆ, ಅಂದೋರನ್ನೇ ಕರ್ಕೊಂಡು ಹೋಗಿ ಹೇಳಿಸಲ್ವಾ? ಬೆಳಗಿನ ಬಸ್ಸಿಗೆ ಹೋಗಾಣ ನಡೀರಿ."

ಮರುದಿನ ಅವರು ಹೋದಾಗ ಜಯಕ್ಕ ಜಗುಲಿಯಲ್ಲಿ ಕೂತು ಒಣಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಶಿವರಂಜನಿಯ ವಿಷಯ ಎತ್ತುತ್ತಲೇ ಕೇಳಿದರು:

"ಆ ಹುಡುಗಿಗೆ ನೀವು ಏನಾಗಬೇಕ್ರಿ?"

"ಏನೂ ಆಗಬೇಕಿಲ್ಲ. ಮೂರು ಸ್ಟಾರು ಕೊಟ್ಟೋಳು ನಾನೇ."

ಜಯಕ್ಕನ ಕೈ ನಿಂತಿತು. "ಏಮಮ್ಮಾ, ಬರಿಯಾಕ ಒಂದು, ಬಂದು ಹೇಳಾಕ ಒಂದು ಏನು? ಹಂಗಾದ್ರ ಬರೆದಿದ್ದು ಸುಳ್ಳಾ?"

"ಸುಳ್ಳಲ್ರಿ. ಅಷ್ಟೂ ನಿಜ."

"ಮತ್ತೆ ಯಾಕ್ ಬಂದ್ರಿ? ಹೋದ ವರ್ಷ ಈ ಬೀದಿಯಾಗ ಒಂದು ಮನ್ಯಾಗ ಬಾಡಿಗಿಗೆ ಬಂದ ಹುಡುಗ ಹಿಂಗ ಬಾಗಲಾ ಹಾಕ್ಕೊಂಡ. ಒಡೆದು ತೆಗೆಯಾ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆ ಮನಿಯೋರು ಇವತ್ತಿಗೂ ಆ ಕೋಣೆಗೆ ಕಾಲಿಡಲ್ಲ. ಅಳೋ ಹುಡುಗಿ, ಒಬ್ಬಾಕಿ, ಉಣ್ಣಲ್ಲ ಅಂದ್ರ ನಾ ಏನಂತ ತಿಳ್ಕಬೇಕು?"

ಅನ್ನಪೂರ್ಣಮ್ಮ ತಾವೂ ಕೂತು ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು ತೊಟ್ಟು ಮುರಿಯತೊಡಗಿದರು.

"ನಿಮ್ಮ ಜಾಗದಾಗೆ ನಾನಿದ್ರೂ ಬ್ಯಾಡ ಅಂತಿದ್ದೆ. ಅವಳು ನಮ್ಮನೇಲಿದ್ದಾಗ್ಲೇ ಅವರವ್ವನ ಕಾಯಿಲೆ ಏನು ಅಂತ ಗೊತ್ತಾಗೈತೆ. ಫೋನಲ್ಲಿ ಅವ್ವನಿಗೆ ಧೈರ್ಯ ಹೇಳಿ, ಇಟ್ಟ ಮೇಲೆ ಅತ್ತವಳೆ. ಇದು ನನಗೆ ತಿಳಿದಿದ್ದು ನಿನ್ನೆ, ಅವಳು ಫೋನು ಮಾಡಿದಾಗ. ಮೆಟ್ಟಿಲು ಹತ್ತಿ ಒಂದು ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ಲೇನೋ. ನಾನು ಕೇಳಲಿಲ್ಲ. ಬರೆದುಬಿಟ್ಟೆ."

"ಅವರವ್ವ ಈಗ ಎಲ್ಲಿ?"

"ಆಸ್ಪತ್ರೇಲಿ. ಮಧ್ಯಾಹ್ನ ಬಿಡ್ತಾರೆ. ನಿಮಗೆ ಭಯ ಇದ್ರೆ ನಾನು ನಾಕು ದಿನ ಇಲ್ಲೇ ಅವರ ಜೊತೆ ಇರ್ತೀನಿ. ಇವರನ್ನ ಊರಿಗೆ ಕಳಿಸ್ತೀನಿ."

"ನನಗೆ ಅಡುಗೆ ಯಾರು ಮಾಡ್ತಾರೆ?" ಎಂದರು ಓಂಕಾರಮೂರ್ತಿ.

"ನವಿಲು," ಎಂದರು ಅನ್ನಪೂರ್ಣಮ್ಮ.

ಜಯಕ್ಕನಿಗೆ ಅದು ಅರ್ಥವಾಗಲಿಲ್ಲ. ಆದರೆ ಗಂಡ-ಹೆಂಡತಿ ಇಬ್ಬರ ಮುಖ ನೋಡಿ ಆಕೆಯ ತುಟಿ ಸಡಿಲವಾಯಿತು. ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

"ಮ್ಯಾಲಿನ ಕೋಣೆ ಬ್ಯಾಡ. ಆಪರೇಷನ್ ಆದಾಕಿ ಮೆಟ್ಲ ಹೆಂಗ ಹತ್ತತಾಳ? ಕೆಳಗ ಅಕ್ಕಿ ಮೂಟೆ ಇಡೋ ಕೋಣೆ ಐತಿ, ಕಿಟಕಿ ದೊಡ್ಡದು. ಏನ್ರೀ ಯಜಮಾನ್ರೇ, ಬರೀ ಊಟದ್ದೇ ಚಿಂತಿನೋ, ಮೂಟೆನೂ ಎತ್ತತೀರೋ?"

ಮೂವರೂ ಸೇರಿ ಮೂಟೆ ಸರಿಸಿದರು, ಕಸ ಹೊಡೆದರು, ಮಂಚ ಹಾಕಿದರು. ಅನ್ನಪೂರ್ಣಮ್ಮ ಶಿವರಂಜನಿಗೆ ಫೋನು ಮಾಡಿ ವಿಳಾಸವಷ್ಟೇ ಹೇಳಿದರು. ಆ ಕಡೆಯಿಂದ ಬಂದದ್ದು ಬರೀ "ಹ್ಞೂಂ".

ಊಟದ ಹೊತ್ತು ಮೀರಿದ ಮೇಲೆ ಆಟೋ ಬಂತು. ಮೊದಲು ಇಳಿದ ಶಿವರಂಜನಿ ಬಾಗಿಲಲ್ಲಿ ಅನ್ನಪೂರ್ಣಮ್ಮನನ್ನು ನೋಡಿ ಅಲ್ಲೇ ನಿಂತಳು.

"ಜಾಗ ಕೊಡಿಸಿದ್ದಕ್ಕೆ ಥ್ಯಾಂಕ್ಸ್ ಹೇಳ್ತೀನಿ ಆಂಟಿ. ಆದ್ರೆ ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ."

"ಇರ್ಲಿ ಇಟ್ಕೋ. ಅಷ್ಟು ಬೇಗ ಹೋದ್ರೆ ಅದೇನು ಸಿಟ್ಟು?" ಎನ್ನುತ್ತಾ ಅನ್ನಪೂರ್ಣಮ್ಮ ಆಟೋದೊಳಗೆ ಬಗ್ಗಿ, ಒಣಗಿದ ಕಡ್ಡಿಯಂತಿದ್ದ ತಾಯಿಯ ಬೆನ್ನಿಗೆ ಕೈ ಕೊಟ್ಟರು. "ಬಾರವ್ವ, ನಿಧಾನ. ಅವಸರ ಏನಿಲ್ಲ."

ಶಿವರಂಜನಿ ಒಂದು ಕ್ಷಣ ತಡೆದಳು. ಆಮೇಲೆ ಆ ಕಡೆಯಿಂದ ಬಂದು ಅವ್ವನ ಇನ್ನೊಂದು ತೋಳು ಹಿಡಿದಳು. ಹೊಸ್ತಿಲು ಎತ್ತರವಾಗಿತ್ತು. ಇಬ್ಬರೂ ಒಟ್ಟಿಗೇ ಎತ್ತಿ ದಾಟಿಸಬೇಕಾಯಿತು.