ಬಿಸ್ಕತ್ ಡಬ್ಬಿಯ ಕರಿ ಕಾಳು

ಎಲ್ಲಿಂದ ಶುರು ಮಾಡಲಿ? ಕಲ್ಲಿನಿಂದ ಅಂದರೆ ನೀವು ಪುಟ ತಿರುವುತ್ತೀರಿ. ಹೊಯ್ಸಳರಿಂದ ಅಂದರೆ ಹಳೇಬೀಡಿನ ಗೈಡುಗಳು ಆಗಲೇ ಶುರು ಮಾಡಿ ಮುಗಿಸಿದ್ದಾರೆ. (ಒಂದು ಡ್ರಾಫ್ಟ್ ಹರಿದದ್ದಾಯಿತು.)

೧. ಅರಸೀಕೆರೆಯ ಒಂದು ಕಲ್ಲು ಪರೀಕ್ಷೆಯ ಲ್ಯಾಬು. ಹೇಮಲತಾಗೆ ಅಲ್ಲಿ ಕೈಹಿಡಿದು ಕೆಲಸ ಕಲಿಸಿದವರು ನಂಜುಂಡಯ್ಯ. ನಾಳೆ ಅವರು ರಿಟೈರ್ ಆಗುತ್ತಾರೆ. ಅವರ ಕೊನೆಯ ರಿಪೋರ್ಟು ಜಾವಗಲ್ ಕಡೆಯ ಕರಿಗಲ್ಲಿನದು: ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಸಹಿಯೂ ಬಿದ್ದಿದೆ, ಸಂಜೆ ಕಳಿಸಬೇಕು.

೩. (ಎರಡನ್ನು ಬಿಟ್ಟೆ. ಅದರಲ್ಲಿ ನನ್ನ ಕೆಮಿಸ್ಟ್ರಿ ಪಾಂಡಿತ್ಯವಿತ್ತು.) ಕಲ್ಲನ್ನು ಪುಡಿ ಮಾಡಿ, ಆಸಿಡ್‌ನಲ್ಲಿ ಕಾಯಿಸಿ, ಸೋಸಿ, ಸೋಸಿದ ನೀರನ್ನು ಪರೀಕ್ಷಿಸುವುದು ನಂಜುಂಡಯ್ಯನವರ ಪದ್ಧತಿ. ಕರಗದೆ ಉಳಿದದ್ದು ಬೆಲ್ಲದ ಪಾಕದ ಮರಳಿನಂತೆ, ಲೆಕ್ಕಕ್ಕಿಲ್ಲ. ಆದರೆ ಎಸೆಯುವವರಲ್ಲ. ಸೋಸಿದ ಕಾಗದದಲ್ಲೇ ವಿಭೂತಿ ಪೊಟ್ಟಣದ ಹಾಗೆ ಮಡಚಿ, ನಂಬರು ಬರೆದು ಬಿಸ್ಕತ್ ಡಬ್ಬಿಗೆ ಹಾಕುತ್ತಾರೆ.

ಈ ಬೆಳಿಗ್ಗೆ ಹೇಮಲತಾ ಆ ಕಲ್ಲಿನ ಪೊಟ್ಟಣ ಬಿಚ್ಚಿದಳು. ಒಳಗಿದ್ದ, ಆಸಿಡ್‌ಗೆ ಕರಗದ ಕರಿ ಕಾಳನ್ನು ಸೋಡಿಯಂ ಪೆರಾಕ್ಸೈಡ್ ಪುಡಿಯ ಜೊತೆ ಮೂಸೆಯಲ್ಲಿ ಕೆಂಪಗೆ ಕರಗುವ ತನಕ ಕಾಯಿಸಿ, ಆರಿಸಿ, ನೀರಿಗೆ ಹಾಕಿದಳು. ನೀರು ಅರಿಶಿನ ಕದಡಿದ ಹಾಗೆ ಹಳದಿಯಾಯಿತು. ಅದು ಕರಗಿದ ಕ್ರೋಮಿಯಂನ ಬಣ್ಣ. ಕ್ರೋಮಿಯಂ ಎಲ್ಲ ಪೊಟ್ಟಣದೊಳಗೇ ಕೂತಿತ್ತು. ಗುರುಗಳ ಕೊನೆಯ ಸಹಿ ತಪ್ಪಿನ ಕೆಳಗಿತ್ತು.

೪. ಅಂತ್ಯ ಒಂದು: ಅವಳು ಬಾಯಿ ಬಿಡುವುದಿಲ್ಲ, ನಾಳೆ ಹಾರ ಹಾಕುತ್ತಾಳೆ.

"ನಾನು ಹಂಗೆಲ್ಲ ಮಾಡಲ್ಲ ಕಣ್ರೀ," ಎಂದಳು ಹೇಮಲತಾ, ನನಗೆ.

ಅಂತ್ಯ ಎರಡು: ಹೇಳುತ್ತಾಳೆ, ಅವರು ಅಳುತ್ತಾರೆ.

"ಸಾರ್ ಅಳೋರಲ್ಲ."

(ಕಥೆಗಾರನ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆ.) ಅವಳೇ ಬೀಕರ್ ಹಿಡಿದು ಹೋಗಿ ಅವರ ಮೇಜಿನ ಮೇಲಿಟ್ಟಳು. ಯಾವ ಪೊಟ್ಟಣ ಅಂತಷ್ಟೇ ಹೇಳಿದಳು. ನಂಜುಂಡಯ್ಯ ಕನ್ನಡಕ ಒರೆಸಿಕೊಂಡು ಹಳದಿ ನೀರನ್ನು ಬೆಳಕಿಗೆ ಹಿಡಿದು ನೋಡಿದರು. ರಿಪೋರ್ಟು ಎಳೆದುಕೊಂಡು ತಮ್ಮ ಸಹಿಯ ಮೇಲೆ ಗೀಟು ಹಾಕಿದರು.

"ನಂಗೆ ಕರಗಿಸೋಕೆ ಬರ್ಲಿಲ್ಲ ಕಣಮ್ಮ. ಬರೋರು ಯಾರಾದ್ರೂ ಬತ್ತಾರೆ ಅಂತ ಕಟ್ಟಿಟ್ಟಿದ್ದೆ."

ಹೇಮಲತಾ ಅತ್ತಳು. (ಅವಳು ಅಳುವವಳೆಂದು ನನಗೆ ಯಾರೂ ಹೇಳಿರಲಿಲ್ಲ.)

೫. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಂಜುಂಡಯ್ಯ ಏಪ್ರನ್ ಕಟ್ಟಿಕೊಂಡು, ಡಬ್ಬಿಯ ತಳದಿಂದ ತಾವು ಕೆಲಸಕ್ಕೆ ಸೇರಿದ ವರ್ಷದ ಪೊಟ್ಟಣ ತೆಗೆದು, ಎಷ್ಟು ಹೊತ್ತು ಕಾಯಿಸಬೇಕೆಂದು ಶಿಷ್ಯೆಯನ್ನು ಕೇಳುತ್ತಿದ್ದಾರೆ. ಡಬ್ಬಿಯಲ್ಲಿ ಇನ್ನೂ ನೂರಾರಿವೆ. ಮೂಸೆ ಕೆಂಪಗಾಗಿದೆ. ಸುಮ್ಮನೆ ನಿಂತಿದ್ದ ನನ್ನ ಕೈಗೆ ಹೇಮಲತಾ ಇಕ್ಕಳ ಕೊಟ್ಟು, ಅಲುಗಾಡದೆ ಹಿಡ್ಕೊಳ್ಳಿ ಅಂದಿದ್ದಾಳೆ. ಪೂರ್ಣವಿರಾಮ ಹಾಕೋಣವೆಂದರೆ ಕೈಗೆ ಬಿಡುವಿಲ್ಲ