ಮೈಕಿನವನ ಕೈ

ಊರಿಗೆಲ್ಲ ಅವನು 'ಹಲೋ'. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಿತ್ತೋ ಏನೋ. ಯಾವ ಸಭೆಯೇ ಇರಲಿ, ಶುರುವಾಗುವ ಮೊದಲು ವೇದಿಕೆ ಹತ್ತಿ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುವವನು ಅವನೇ. ಆಮೇಲೆ ಮೂಲೆಯಲ್ಲಿ ಆಂಪ್ಲಿಫೈಯರ್ ಮುಂದೆ ಕೂತನೆಂದರೆ ಸಭೆ ಮುಗಿಯುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಾತಾಡುವವರು ಮಾತಾಡಿಕೊಳ್ಳಲಿ, ಮೈಕಿನವನಿಗೇಕೆ ಊರ ಉಸಾಬರಿ?

ನಗರಸಭೆಯ ಸಭೆಗಳಿಗೆಲ್ಲ ಅವನದೇ ಮೈಕು. ಅದು ಸುಮ್ಮನೆ ಸಿಕ್ಕಿದ್ದಲ್ಲ. ಅಧ್ಯಕ್ಷರಿಗೆ ಹಿಡಿಸದ ಮಾತನ್ನು ಯಾರಾದರೂ ಎತ್ತಿದರೆ ಅಧ್ಯಕ್ಷರ ಸಹಾಯಕ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸುತ್ತಿದ್ದ. ಹಲೋಗೆ ಅದೇ ಸನ್ನೆ. ಬೇರೆ ಮೈಕಿನವರಾದರೆ ಟಪ್ಪಂತ ಆರಿಸಿಬಿಡುತ್ತಾರೆ, ಜನ ಗಲಾಟೆ ಎಬ್ಬಿಸುತ್ತಾರೆ. ಹಲೋ ಆರಿಸುತ್ತಿರಲಿಲ್ಲ, ಇಳಿಸುತ್ತಿದ್ದ. ದೀಪದ ಬತ್ತಿ ಇಳಿಸಿದ ಹಾಗೆ, ಒಂದೊಂದೇ ಎಳೆ. ಮಾತಾಡುವವರಿಗೆ ತಮ್ಮ ಗಂಟಲೇ ಕಟ್ಟಿತು ಅನ್ನಿಸಬೇಕು. ಕೆಮ್ಮಬೇಕು, ನೀರು ಕುಡಿಯಬೇಕು, ತಾವಾಗಿಯೇ ಹೋಗಿ ಕೂರಬೇಕು. ಕಳ್ಳತನವೇ ಅನ್ನಿ, ಆದರೂ ಕೈಚಳಕ ಕೈಚಳಕವೇ. ಹಲೋಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಈ ಸಲ ಪೀಕಲಾಟ ತಂದವಳು ಸ್ವಂತ ಅಕ್ಕ.

ಅಕ್ಕ ಸಿಟಿ ಬಸ್ಸಿನ ಕಂಡಕ್ಟರು. ಆ ಬೇಸಿಗೆಯ ಒಂದು ಮಧ್ಯಾಹ್ನ ಅವಳ ಡ್ರೈವರು ಬಿಸಿಲಿನ ಝಳಕ್ಕೆ ಸ್ಟೇರಿಂಗ್ ಮೇಲೇ ಕುಸಿದುಬಿದ್ದಿದ್ದ. ಬಸ್ಸು ರಸ್ತೆ ಮಧ್ಯದ ಕಟ್ಟೆಗೆ ಗುದ್ದಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕನ ತಲೆಗೆ ಹುಳ ಹೊಕ್ಕಿತು. ವರ್ಷ ವರ್ಷ ಬಿಸಿಲು ಯಾಕೆ ಏರುತ್ತಿದೆ, ಹೊಗೆಗೂ ಅದಕ್ಕೂ ಏನು ಸಂಬಂಧ ಎಂದು ಕಂಡಕಂಡವರನ್ನು ಕೇಳಿದಳು, ಓದಿದಳು. ಅದೇ ಹೊತ್ತಿಗೆ ನಗರಸಭೆ ಹೊಸ ಬಸ್ಸು ಕೊಳ್ಳಲು ಹೊರಟಿತು. ಮತ್ತೆ ಡೀಸೆಲ್ ಬಸ್ಸೇ ಎಂದು ಒಳಗೆ ತೀರ್ಮಾನವಾಗಿದೆ, ಕಾನೂನಿಗೋಸ್ಕರ ಒಂದು ಸಾರ್ವಜನಿಕ ಸಭೆ ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕ ಅಲ್ಲಿ ಮಾತಾಡಲು ಹೆಸರು ಕೊಟ್ಟು ಬಂದಳು.

"ನೀನೊಬ್ಬಳು ಕೂಗಿದ್ರೆ ಭೂಮಿ ತಣ್ಣಗಾಗುತ್ತಾ?" ಎಂದು ಡಿಪೋದಲ್ಲಿ ನಕ್ಕರು.

"ನಾನೊಬ್ಬಳು ಟಿಕೆಟ್ ಹರೀದಿದ್ರೆ ಬಸ್ಸೇನೂ ನಿಲ್ಲಲ್ಲ. ಹಾಗಂತ ಹರೀದೆ ಕೂತ್ಕೋತೀನಾ?" ಎಂದಳು ಅಕ್ಕ.

ಸಭೆಯ ಹಿಂದಿನ ಸಂಜೆ ತಮ್ಮನ ಮನೆಗೆ ಬಂದಳು. ಬಸ್ಸು ತುಂಬ ಜನರನ್ನು ಗದರಿಸಿ ಹಿಂದಕ್ಕೆ ಸರಿಸುವ ಹೆಂಗಸಿಗೆ ಸಭೆ ಅಂದರೆ ಅಂಜಿಕೆ. "ಮೈಕು ಚೆನ್ನಾಗಿರ್ಲಿ ಕಣೋ. ಇದೊಂದೇ ಸಲ ಬಾಯಿ ತೆಗೆಯೋಕೆ ಬಿಟ್ಟಿದಾರೆ. ನಾಳೆ ಹೇಳದಿದ್ರೆ ಮುಗೀತು, ಇನ್ನು ಹದಿನೈದು ವರ್ಷ ಇದೇ ಹೊಗೆ."

"ನಾನಿರೋವಾಗ ನಿನಗೆಂಥ ಭಯ?" ಎಂದ ಹಲೋ. ಸನ್ನೆಯ ವಿಚಾರ ಅಕ್ಕನಿಗೆ ಗೊತ್ತಿರಲಿಲ್ಲ, ಅವನು ಹೇಳಲೂ ಇಲ್ಲ. ಆದರೆ ಮನಸ್ಸಿನಲ್ಲೇ ಆಣೆ ಮಾಡಿಕೊಂಡ: ಆ ಸಹಾಯಕ ಗಾಜು ಸವೆಯುವ ತನಕ ಒರೆಸಲಿ, ನಾಳೆ ನಾನು ಮೈಕಿನ ಗುಂಡಿ ಮುಟ್ಟುವುದಿಲ್ಲ. ನಗರಸಭೆಯ ಕೆಲಸ ಹೋದರೆ ಹೋಗಲಿ, ಹೊಟ್ಟೆಪಾಡಿಗೆ ಮದುವೆ ಮನೆಗಳಿವೆ.

ಮರುದಿನ ಅಕ್ಕ ಕಂಡಕ್ಟರ್ ಸಮವಸ್ತ್ರದಲ್ಲೇ ವೇದಿಕೆ ಹತ್ತಿದಳು. ಮೊದಲು ತೊದಲಿದಳು. ಆಮೇಲೆ ಡ್ರೈವರು ಕುಸಿದ ಕಥೆ ಹೇಳತೊಡಗಿದಳು ನೋಡಿ, ಹಿಂದಿನ ಸಾಲಿನ ಪಿಸುಮಾತೂ ನಿಂತಿತು. "ಇವತ್ತು ತಗೊಳ್ಳೋ ಬಸ್ಸು ಇವತ್ತಿಗೆ ಮಾತ್ರ ಅಲ್ಲ ಸಾರ್. ಈಗ ಶಾಲೆಗೆ ಹೋಗೋ ಮಕ್ಕಳು ಕೆಲಸಕ್ಕೆ ಹೋಗೋವಾಗಲೂ ಇದೇ ಬಸ್ಸು ಹೊಗೆ ಬಿಡ್ತಿರುತ್ತೆ. ಬ್ಯಾಟರಿ ಬಸ್ಸು ಈಗಲೇ..."

ಭಲೆ ಅಕ್ಕ ಎಂದುಕೊಂಡ ಹಲೋ. ಎದೆ ಉಬ್ಬಿತು. ಇಷ್ಟು ವರ್ಷ ಮೈಕು ಕೊಟ್ಟರೂ ಅವನು ಯಾರ ಮಾತನ್ನೂ ಹೀಗೆ ಕಿವಿಗೊಟ್ಟು ಕೇಳಿದವನಲ್ಲ. ಡಿಪೋ ಗೋಡೆಯ ಮಸಿ, ಹೆಂಗಸರು ಕೆಮ್ಮುವುದು, ಎಲ್ಲ ಹೇಳುತ್ತಿದ್ದಳು. ಮುಂದೆ ಏನೋ ಅಂದಳು, ಸರಿಯಾಗಿ ಕೇಳಿಸಲಿಲ್ಲ. ಅವನು ಕಿವಿ ಚಾಚಿದ. ಆಮೇಲಿನದೂ ಕೇಳಿಸಲಿಲ್ಲ.

ಅಕ್ಕ ಗಂಟಲು ಮುಟ್ಟಿಕೊಂಡಳು. ಕೆಮ್ಮಿದಳು. ನೀರು ಕುಡಿದು ಮತ್ತೆ ಬಾಯಿ ತೆರೆದಳು, ತುಟಿ ಮಾತ್ರ ಆಡಿತು. ಮುಂದಿನ ಸಾಲಿನಲ್ಲಿ ಸಹಾಯಕ ಕನ್ನಡಕ ಒರೆಸುತ್ತಿದ್ದ. ಹಲೋ ತನ್ನ ಕೈ ನೋಡಿಕೊಂಡ. ಗುಂಡಿಯ ಮೇಲೇ ಇತ್ತು. ಕನ್ನಡಕ ಮೂಗಿನಿಂದ ಇಳಿದದ್ದೇ ತಡ, ಬೆರಳು ಯಾರನ್ನೂ ಕೇಳದೆ ತನ್ನ ಕೆಲಸ ಮುಗಿಸಿತ್ತು.

"ಕ್ಷಮಿಸಿ, ಗಂಟಲು ಕಟ್ಟಿತು," ಎಂದು ಕೈ ಮುಗಿದು ಅಕ್ಕ ಕೆಳಗಿಳಿಯತೊಡಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಹಲೋ ಗುಂಡಿಯಿಂದ ಕೈ ಕಿತ್ತುಕೊಂಡ. ಥೂ, ಇದೂ ಒಂದು ಬಾಳೇ?

"ಮುಂದಿನವರು," ಎಂದರು ಅಧ್ಯಕ್ಷರು.

ಹಲೋ ಗುಂಡಿಯನ್ನು ಪೂರ್ತಿ ಏರಿಸಿ, ಟೆಸ್ಟಿಂಗ್ ಮೈಕು ಎತ್ತಿಕೊಂಡು ಎದ್ದು ನಿಂತ. "ಹಲೋ" ಎಂದ. ಅಭ್ಯಾಸಬಲ. ಸಭೆ ಗೊಳ್ಳೆಂದು ನಕ್ಕಿತು.

"ಆಯಮ್ಮನ ಗಂಟಲಿಗೆ ಏನೂ ಆಗಿಲ್ಲ. ಮೈಕು ಇಳಿಸಿದ್ದು ನಾನು. ಇವರು ಕನ್ನಡಕ ಒರೆಸಿದ್ರೆ ಇಳಿಸಬೇಕು ಅಂತ ಮಾತಾಗಿದೆ."

ನಗು ನಿಂತಿತು. ಸಹಾಯಕ ಗಡಬಡಿಸಿ ಕನ್ನಡಕ ಏರಿಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಿನಗ್ಯಾರಯ್ಯ ಮಾತಾಡೋಕೆ ಹೇಳಿದ್ದು? ಮೈಕಿನವನು ಮೈಕಿನವನ ಹಾಗಿರು!" ಎಂದು ಅಧ್ಯಕ್ಷರು ಗುಡುಗಿದರು.

"ಸಾರ್ವಜನಿಕ ಸಭೆ ಅಲ್ವಾ ಸಾರ್? ನಾನೂ ಸಾರ್ವಜನಿಕನೇ," ಎಂದ ಹಲೋ. ಕೂರಲಿಲ್ಲ.

ಆಗ ನಡುವಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದರು. ನಿವೃತ್ತ ಟೀಚರು, ಊರಿನ ಅರ್ಧದಷ್ಟು ಜನಕ್ಕೆ ಅಕ್ಷರ ಕಲಿಸಿದವರು. "ಕಸ ಸುಡೋದು ನಿಲ್ಲಿಸಿ ಅಂತ ಹಿಂದೊಂದು ಸಲ ಇಲ್ಲೇ ಮಾತಾಡೋಕೆ ಬಂದಿದ್ದೆ," ಎಂದರು. "ಅವತ್ತು ನನಗೂ ಗಂಟಲು ಕಟ್ಟಿತು. ಡಾಕ್ಟರಿಗೆ ತೋರಿಸಿದೆ, ಕಷಾಯ ಕುಡಿದೆ. ವಯಸ್ಸಾಯ್ತು, ಇನ್ನು ನನ್ನ ಕೈಲಾಗಲ್ಲ ಅಂತ ಆಮೇಲೆ ಎಲ್ಲೂ ಬಾಯಿ ತೆಗೆದಿಲ್ಲ. ಅದೂ ನೀನೇನಪ್ಪಾ?"

ಹಲೋಗೆ ಮುಖ ಎತ್ತಲಾಗಲಿಲ್ಲ. "ಹೌದು ಟೀಚರ್. ನಾನೇ."

ಅವರು ಬೈಯಲಿಲ್ಲ. ಸೀರೆಯ ಸೆರಗು ಬಿಗಿದುಕೊಂಡು, ಸಾಲಿನಲ್ಲಿ ಕೂತಿದ್ದವರ ಮೊಣಕಾಲು ಸರಿಸುತ್ತ ವೇದಿಕೆಯ ಕಡೆ ನಡೆದು ಬಂದರು. "ಈ ಹುಡುಗಿ ಮುಗಿಸಲಿ," ಎಂದರು ಅಧ್ಯಕ್ಷರಿಗೆ. "ಅವಳಾದ ಮೇಲೆ ನಾನು." ಅವರ ಹಿಂದೆ ಹಮಾಲನೊಬ್ಬ ಎದ್ದ. "ಟೀಚರ್ ಆದ್ಮೇಲೆ ನಂದು. ನಂಗೂ ಅವತ್ತು ಹಂಗೇ ಆಗಿತ್ತು." ಸಭೆ ಬರಖಾಸ್ತು ಎನ್ನಲು ಬಾಯಿ ತೆರೆದ ಅಧ್ಯಕ್ಷರು ಏಳುತ್ತಿರುವವರನ್ನು ನೋಡಿ ಸುಮ್ಮನಾದರು.

ಅಕ್ಕ ಮೆಟ್ಟಿಲ ಮೇಲೇ ನಿಂತಿದ್ದಳು. ತಮ್ಮನನ್ನು ದುರುಗುಟ್ಟಿಕೊಂಡು ನೋಡಿದಳು. "ನಿನ್ನನ್ನ ಮನೇಲಿ ವಿಚಾರಿಸ್ಕೋತೀನಿ," ಎಂದಳು.

ಆಮೇಲೆ ಮೈಕಿನ ಮುಂದೆ ಬಂದು, "ಬಸ್ಸಿನ ವಿಷಯ ಹೇಳ್ತಿದ್ದೆ," ಎಂದಳು. ಮಾತು ಹೊರಗೆ ರಸ್ತೆಯವರೆಗೂ ಕೇಳಿಸಿತು.